ಮಾವನ ಬಂದೂಕಿಗೆ ಅಳಿಯನ ಬೀಗ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ಒಳ್ಳೆಯ ಅಭ್ಯಾಸವೊಂದು ಮದುವೆಗೆ ಮೊದಲು ನನಗಿತ್ತು. ಮಾವನ ಮನೆಯಲ್ಲಿ ಅದು ಬಿಟ್ಟುಹೋಯಿತು. ಹರಿಹರದ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ಸ್ ಗುಮಾಸ್ತ. ಹೋದ ವರ್ಷ ಅಲ್ಲಿಗೆ ಒಂದು ಕಂಪ್ಯೂಟರ್ ಬಂದಿತು. ಬೆಳಿಗ್ಗೆ ಅದರ ಹೊದಿಕೆ ತೆಗೆಯುವುದು, ಸಂಜೆ ಮತ್ತೆ ಹೊದಿಸುವುದು ನನ್ನ ಪಾಲಿನ ಕೆಲಸ. (ನಡುವೆ ಅದನ್ನು ಮುಟ್ಟುವವರು ಬೇರೆ.) ಇಷ್ಟು ಕೇಳಿದ್ದೇ ತಡ, ಸಾರಥಿ ಎಂಬ ಊರಿನ ನನ್ನ ಮಾವ ಕೊಟ್ಟೂರಪ್ಪನವರು ಅಳಿಯ ಎಲೆಕ್ಟ್ರಾನಿಕ್ ಪಂಡಿತ ಎಂದು ತೀರ್ಮಾನಿಸಿದರು. ನಾನು ತಿದ್ದಲು ಹೋಗಲಿಲ್ಲ.

ಮಾವನ ಬಳಿ ಒಂದು ಬಂದೂಕಿದೆ. ಕಬ್ಬಿನ ಗದ್ದೆಗೆ ನುಗ್ಗುವ ಹಂದಿಗಳನ್ನು ಬೆದರಿಸಲೆಂದು ಅವರ ತಂದೆಯ ಕಾಲದಿಂದ ಲೈಸೆನ್ಸ್ ನಡೆದುಬಂದಿದೆ. ಹಂದಿಗಳು ಬೆದರಿದ್ದಕ್ಕೆ ದಾಖಲೆಯಿಲ್ಲ. ಹೆಣ್ಣು ನೋಡಲು ಹೋದ ದಿನ ನಾನು ಬೆದರಿದ್ದಕ್ಕೆ ಇದೆ. ಈ ಚುನಾವಣೆಗೆ ಮುಂಚೆ ಬಂದೂಕಿರುವ ಎಲ್ಲರಂತೆ ಮಾವನೂ ಅದನ್ನು ಠಾಣೆಗೆ ಒಪ್ಪಿಸಿದ್ದರು. ಎಣಿಕೆ ಮುಗಿದು ವಾಪಸ್ ಕೊಡುವಾಗ ಹೆಡ್ ಕಾನ್‌ಸ್ಟೇಬಲ್ ಸೂರಪ್ಪನವರು, ಮನೆಯಲ್ಲಿ ಇದನ್ನು ಎಲ್ಲಿಡುತ್ತೀರಿ ಎಂದು ಕೇಳಿದರಂತೆ. ಮಾವ ಸತ್ಯವಂತರು. ಕಂಬಳಿ ಸುತ್ತಿ ಮಂಚದ ಕೆಳಗೆ ಎಂದರಂತೆ. ಭದ್ರವಾದ ಬೀಗವಿರುವ ಕಬ್ಬಿಣದ ಪೆಟ್ಟಿಗೆ ಮಾಡಿಸಿ, ಹಬ್ಬ ಮುಗಿದ ಮೇಲೆ ಬಂದು ನೋಡುತ್ತೇನೆ, ಇಲ್ಲದಿದ್ದರೆ ಲೈಸೆನ್ಸ್ ನವೀಕರಣಕ್ಕೆ ಶಿಫಾರಸು ಬರೆಯುವುದಿಲ್ಲ ಎಂದು ಸೂರಪ್ಪನವರು ಖಡಾಖಂಡಿತ ಹೇಳಿದರು. ಅಪ್ಪ ಉಳಿಸಿಕೊಟ್ಟ ಲೈಸೆನ್ಸ್ ತನ್ನ ಕೈಯಲ್ಲಿ ಹೋದರೆ ಊರಲ್ಲಿ ಹೇಗೆ ತಿರುಗಾಡುವುದೆಂದು ಮಾವ ರೊಟ್ಟಿ ಬಿಟ್ಟರು. ಅತ್ತೆ ಅಕ್ಕನಾಗಮ್ಮ ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮ ಪಕ್ಕದ ಮನೆಗೆ ಫೋನ್ ಮಾಡಿ ಪಂಡಿತನನ್ನು ಕರೆಸಿಕೊಂಡರು.

ದಾವಣಗೆರೆಯಲ್ಲಿ ಬೀರು ಮಾಡುವ ಹಯಾತ್ ಸಾಬರ ಅಂಗಡಿಗೆ ಮಾವನನ್ನು ಕರೆದೊಯ್ದೆ. ಪೆಟ್ಟಿಗೆ ಐದು ನಿಮಿಷದಲ್ಲಿ ಇತ್ಯರ್ಥವಾಯಿತು. ಬೀಗದಲ್ಲಿ ಸಿಕ್ಕಿಬಿದ್ದೆವು. ಸಾಬರು ಎರಡು ಬಗೆ ತೋರಿಸಿದರು. ಒಂದು, ಅಂಕಿ ಕೆತ್ತಿದ ಚಕ್ರ. ಎಡಕ್ಕೆ ನಾಲ್ಕು ಸುತ್ತು, ಬಲಕ್ಕೆ ಮೂರು, ಮತ್ತೆ ಎಡಕ್ಕೆ ಎರಡು. ನಡುವೆ ಸೀನಿದರೆ ಮೊದಲಿಂದ. ಇನ್ನೊಂದು ಬೊಂಬಾಯಿಯ ಎಲೆಕ್ಟ್ರಾನಿಕ್ ಬೀಗ. ಕ್ಯಾಲ್ಕುಲೇಟರಿನಂತೆ ಅಂಕಿ ಒತ್ತಿದರೆ ಸಾಕು.

ಮಾವ ಚಕ್ರವನ್ನು ಒಂದು ಸಲ ತಿರುಗಿಸಿ ಕೈಬಿಟ್ಟರು. "ನಾನಿದನ್ನ ತಿರುವ್ತಾ ಕುಂತ್ರೆ ಹಂದಿ ಕಬ್ಬು ತಿಂದು, ನೀರು ಕುಡ್ದು, ಮರಿಗಳ್ನೂ ಕರ್ಕೊಂಡು ಬಂದಿರ್ತೈತೆ."

"ಹಂಗಾದ್ರೆ ಎಲೆಕ್ಟ್ರಾನಿಕ್ ತಗಳ್ರಿ ಮಾವ."

"ಕರೆಂಟ್ ಹೋದ್ರೆ?"

"ಅದು ಸೆಲ್ಲಿನ ಮ್ಯಾಲೆ ನಡೀತೈತ್ರಿ."

"ಸೆಲ್ ಹೋದ್ರೆ?"

ನಾನು ಹಯಾತ್ ಸಾಬರನ್ನು ನೋಡಿದೆ. ಅವರು ಫ್ಯಾನು ನೋಡಿದರು.

ಒಂದು ವಾರ ನನ್ನ ಬುದ್ಧಿ ತೂಗುಯ್ಯಾಲೆಯಾಯಿತು. ಬೆಳಿಗ್ಗೆ ಹರಿಹರದ ಬಸ್ಸು ಹತ್ತುವಾಗ ಚಕ್ರ ವಾಸಿ ಎನಿಸುತ್ತಿತ್ತು, ಇಳಿಯುವಾಗ ಎಲೆಕ್ಟ್ರಾನಿಕ್. ಕಾರ್ಖಾನೆಯಲ್ಲಿ ಆರು ಜನರನ್ನು ಕೇಳಿದೆ. ಏಳು ಅಭಿಪ್ರಾಯ ಬಂದವು. ನನ್ನ ಹೆಂಡತಿ ವಾಣಿಗೆ ಸಾಕಾಗಿಹೋಯಿತು.

"ನನ್ನ ನೋಡಾಕೆ ಬಂದೋರು ಹತ್ತು ನಿಮಿಷದಾಗೆ ಹೂಂ ಅಂದ್ರಿ. ಒಂದು ಬೀಗಕ್ಕೆ ಎಂಟು ದಿನ ಬೇಕೇನ್ರಿ?"

(ಆ ಹತ್ತು ನಿಮಿಷದ ಅನುಭವದಿಂದಲೇ ಈ ಎಂಟು ದಿನ ಎಂಬ ಉತ್ತರ ನಾಲಿಗೆಯ ತುದಿಯವರೆಗೆ ಬಂದು ಕ್ಷೇಮವಾಗಿ ಹಿಂದಿರುಗಿತು.)

ಕೊನೆಗೆ ಎಲೆಕ್ಟ್ರಾನಿಕ್ ಎಂದುಬಿಟ್ಟೆ. ಕಾರಣ ಈಗಲೂ ಗೊತ್ತಿಲ್ಲ. ಕಷ್ಟಕಾಲಕ್ಕೆ ಜೊತೆಗೊಂದು ಕೀಲಿಯೂ ಇರಲಿ ಎಂದರು ಹಯಾತ್ ಸಾಬರು. ಕೀಲಿ ಇಟ್ಟರೆ ಎಲೆಕ್ಟ್ರಾನಿಕ್ಕಿಗೆ ಅವಮಾನ ಎಂದು ನಾನು ಬೇಡವೆಂದೆ.

ಆಯುಧಪೂಜೆಯ ದಿನ ಸಾರಥಿಯಲ್ಲಿ ಪೆಟ್ಟಿಗೆಯ ಪ್ರತಿಷ್ಠಾಪನೆ. ಮೊದಲು ಬಂದೂಕಿಗೆ ಪೂಜೆ ಮಾಡಿ ಒಳಗಿಟ್ಟು ಬಾಗಿಲು ಹಾಕಿದೆವು. ಆಮೇಲೆ ಪೆಟ್ಟಿಗೆಯ ಸರದಿ. ಅತ್ತೆ ವಿಭೂತಿ ಕಲಸಿ ಅಂಕಿಗಳ ಮೇಲೆ ಮೂರು ಬೆರಳು ಎಳೆದರು. ಹತ್ತು ಗುಂಡಿಗೂ ಹತ್ತು ಕುಂಕುಮದ ಬೊಟ್ಟಿಟ್ಟರು. ಕಾಯಿ ಒಡೆಯುವ ಗೌರವ ನನಗೆ. ಎರಡು ಹನಿ ಚಿಮುಕಿಸಿದರೆ ಸಾಕು ಎಂದರು ಅತ್ತೆ. ದೇವರ ವಿಷಯದಲ್ಲಿ ಜುಗ್ಗತನವೇಕೆಂದು ನಾನು ಇಡೀ ಕಾಯಿಯ ನೀರನ್ನು ಬೀಗಕ್ಕೆ ಅಭಿಷೇಕ ಮಾಡಿದೆ. ಪೂಜೆಗಿಟ್ಟ ಸಾಮಾನನ್ನು ಅಂದು ಯಾರೂ ಬಳಸುವುದಿಲ್ಲ. ಟ್ರ್ಯಾಕ್ಟರ್, ಕುಡುಗೋಲು, ಬೀಗ ಎಲ್ಲಕ್ಕೂ ರಜೆ.

ಎರಡು ದಿನ ಬಿಟ್ಟು ಸೂರಪ್ಪನವರು ಬಂದರು. ಮಂಡಕ್ಕಿ, ಮಿರ್ಚಿ ಮುಗಿಸಿ, ಬಂದೂಕಿನ ನಂಬರ್ ನೋಡಬೇಕು ಎಂದರು. ನಾನು ಮುಂದೆ ಬಂದು, ಎಲ್ಲರೂ ಆ ಕಡೆ ತಿರುಗಿ ಎಂದು ಅಪ್ಪಣೆ ಮಾಡಿ ಗುಪ್ತ ಅಂಕಿ ಒತ್ತಿದೆ. ಬೀಗ ಸೊಳ್ಳೆಯಂತೆ ಒಮ್ಮೆ ಕುಂಯ್ ಎಂದಿತು. ಎರಡನೆಯ ಸಲ ಅಷ್ಟೂ ಅನ್ನಲಿಲ್ಲ. ರೇಡಿಯೊದ ಸೆಲ್ ಬಿಚ್ಚಿ ಹಾಕಿದೆ. ಅಂದಿನಿಂದ ರೇಡಿಯೊ ಕೂಡ ಮಾತಾಡುತ್ತಿಲ್ಲ. ಮಾವನ ಮುಖ ವಿಭೂತಿಗಿಂತ ಬಿಳಿಯಾಯಿತು.

ಹೇಳಿಕಳಿಸಿ ಹಯಾತ್ ಸಾಬರು ದಾವಣಗೆರೆಯಿಂದ ಬರುವಾಗ ಮಧ್ಯಾಹ್ನ ಮೂರು ಗಂಟೆ. ಬೀಗದ ಮುಚ್ಚಳ ಬಿಚ್ಚಿದರು. ಒಳಗೆ ಕಾಯಿನೀರಿನ ಕೆಸರು, ಅದರ ಮೇಲೆ ಇರುವೆಗಳ ಮೆರವಣಿಗೆ. "ಬೊಂಬಾಯಿ ಮಾಲು ನೋಡ್ರಿ, ಪೂಜೆ ತಡ್ಯಂಗಿಲ್ಲ" ಎಂದು ಬೀಗವನ್ನು ಕೊಯ್ದು ತೆಗೆದು, ಚೀಲದಿಂದ ಹೊಸ ಕೀಲಿಯ ಬೀಗವನ್ನು ಹೊರತೆಗೆದರು. ಇದು ಬೇಕಾಗುತ್ತದೆಂದು ಹೇಗೆ ತಿಳಿಯಿತು ಎಂದು ಮಾವ ಕೇಳಿದರು. ನೀವು ಎಲೆಕ್ಟ್ರಾನಿಕ್ ಅಂದ ದಿನವೇ ತೆಗೆದಿಟ್ಟಿದ್ದೆ ಎಂದರು ಸಾಬರು.

ಸೂರಪ್ಪನವರು ನಂಬರ್ ತಾಳೆ ನೋಡಿದರು. ಇನ್ನು ಮಹಜರು ಬರೆಯಬೇಕು, ಅವರ ಕನ್ನಡಕ ಠಾಣೆಯಲ್ಲಿ. ನಮ್ಮವರ ಅಕ್ಷರ ದುಂಡಗಿದೆ ಎಂದು ವಾಣಿ ನನ್ನನ್ನು ಮುಂದೆ ತಳ್ಳಿದಳು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ: ಸದರಿ ಬಂದೂಕು ಸುಭದ್ರವಾಗಿರುತ್ತದೆ, ಸದರಿ ಕೀಲಿಯನ್ನು ಲೈಸೆನ್ಸ್‌ದಾರರೇ ಇಟ್ಟುಕೊಳ್ಳತಕ್ಕದ್ದು, ನವೀಕರಣಕ್ಕೆ ಶಿಫಾರಸು ಮಾಡಿದೆ. ಮಾವ ಮೂರು ವಾರದಲ್ಲಿ ಮೊದಲ ಸಲ ಉಸಿರು ಬಿಟ್ಟರು.

"ಇನ್ನೊಂದು ಸಾಲು ಬರ್ಕೊಳ್ರಿ" ಎಂದರು ಸೂರಪ್ಪನವರು. "ಸದರಿ ಲೈಸೆನ್ಸ್‌ದಾರರ ಅಳಿಯ ಮಹಾಂತೇಶ್ ಎಂಬುವರನ್ನು ಸದರಿ ಪೆಟ್ಟಿಗೆಯಿಂದ ಹತ್ತು ಅಡಿ ದೂರದಲ್ಲಿ ಇಡತಕ್ಕದ್ದು."

ಪೆನ್ನು ನಿಂತಿತು. ಮಾವನನ್ನು ನೋಡಿದೆ, ಬರೆಯಿರಿ ಎಂಬಂತೆ ತಲೆಯಾಡಿಸಿದರು. ವಾಣಿಯನ್ನು ನೋಡಿದೆ.

"ಹತ್ತು ಅಡಿ ಸಾಕಾಗ್ತೈತೇನಣ್ಣ?" ಎಂದು ಅವಳು ಸೂರಪ್ಪನವರನ್ನು ಕೇಳಿದಳು.

ಹತ್ತನ್ನು ಹೊಡೆದು ಇಪ್ಪತ್ತು ಮಾಡಿದೆ. ತಿದ್ದಿದ ಜಾಗದಲ್ಲಿ ಒಂದು ಸಹಿ ಹಾಕಿ, ಕೆಳಗೆ ಸಾಕ್ಷಿಯಾಗಿ ಇನ್ನೊಂದು ಹಾಕಿದೆ.