ನಲವತ್ತು ಸಹಿಯ ಬೆಲ್ಲ

ನನಗೆ ಹಾವಿನ ಹೆದರಿಕೆಯಿಲ್ಲ, ಪೊಲೀಸರ ಹೆದರಿಕೆಯೂ ಇಲ್ಲ. ಕಾಗದ ಹಿಡಿದು ಬರುವವರನ್ನು ಕಂಡರೆ ಮಾತ್ರ ಕೈಕಾಲು ತಣ್ಣಗಾಗುತ್ತದೆ. ಮುದುಕಿಯಾದ ಮೇಲೆ ಸಹಿ ಕಲಿತೆ. ಈ ಭಯ ಶುರುವಾದದ್ದೂ ಆಗಲೇ. ಹೆಬ್ಬೆಟ್ಟು ಒತ್ತಿದವಳು ಗೊತ್ತಿರಲಿಲ್ಲ ಅನ್ನಬಹುದು. ಸಹಿ ಹಾಕಿದವಳು ಏನನ್ನಬೇಕು?

ಕಾಲೇಜಿನ ಸುಧಾ ಎಂಬ ಹುಡುಗಿ ಕೊತ್ತತ್ತಿಯ ನಮ್ಮ ಆಲೆಮನೆಗೆ ಎರಡು ವರ್ಷ ಓಡಾಡಿದಳು. ಕಬ್ಬಿನ ಹಾಲು ಕಾಯಿಸುವಾಗ ಬೆಲ್ಲಕ್ಕೆ ಬಣ್ಣ ಬರಿಸುವ ಅಂಗಡಿಯ ಬಿಳಿ ಪುಡಿ ಬಿಟ್ಟು, ಬೆಂಡೆ ಗಿಡ ಜಜ್ಜಿದ ಲೋಳೆಯಿಂದಲೇ ಕೊಳೆ ತೆಗೆಯುವುದು ಅವಳ ಸಂಶೋಧನೆ. ಬರೆದದ್ದು ಅಚ್ಚಾಯಿತು. ಒಂದು ದಿನ ಮುಖ ಸಣ್ಣ ಮಾಡಿಕೊಂಡು ಬಂದಳು.

"ಬೇರೆ ಸಂಶೋಧಕ್ರು ಬರಿಯೋವಾಗ ನನ್ನ ಹೆಸ್ರೇ ಎತ್ತಿಲ್ವಂತೆ ಅಜ್ಜಿ. ಇದ್ರಿಂದ ಊರಿಗೇನಾಯ್ತು ಅಂತ ನೋಡಕ್ಕೆ ಮೇಲಿನಿಂದ ಒಬ್ರು ಮೇಡಂ ಬತ್ತಾರೆ. ಏನೂ ಆಗಿಲ್ಲ ಅಂದ್ರೆ ನನ್ನ ಕೆಲ್ಸ ಅಲ್ಲಿಗೆ ಮುಗೀತು."

"ಅಷ್ಟೇನಾ? ಬುಡು ಮಗ," ಎಂದೆ.

ನಾಲೆಗೆ ನೀರು ಬಿಡಿಸಲು ನಾವು ಅರ್ಜಿ ಕೊಡುವವರು. ಸಹಿ ಹೆಚ್ಚಿದಷ್ಟೂ ಕೆಲಸ ಆಗುತ್ತದೆ ಎಂಬುದು ನಮ್ಮ ನಂಬಿಕೆ. ಅವಳಿಗೆ ಹೇಳದೆ ಬೀದಿ ಸುತ್ತಿ, 'ನಾವು ಲೋಳೆಯನ್ನೇ ಹಾಕುತ್ತೇವೆ' ಎಂಬ ಕಾಗದಕ್ಕೆ ನಲವತ್ತು ಸಹಿ ಹಾಕಿಸಿದೆ. ಮೊದಲನೆಯದು ನನ್ನದೇ.

ಪಕ್ಕದ ಮನೆ ಜಯಮ್ಮ, "ನಮ್ದು ರೇಸ್ಮೆ ಕಣಕ್ಕ. ಲೋಳೆ ಉಳಕ್ಕೆ ಉಯ್ಯಾನಾ?" ಎಂದಳು.

"ನೀ ಸಹಿ ಹಾಕು. ಲೋಳೆ ನಾನ್ ನೋಡ್ಕತೀನಿ."

ಮೇಡಂ ಜೀಪಿನಲ್ಲಿ ಬಂದರು. ಕಾಗದ ಕೊಟ್ಟೆ. ಅದನ್ನು ನೋಡಿದ ಸುಧಾಳ ಮುಖ ಬಿಳಿಚಿಕೊಂಡಿತು. ಸುಳ್ಳು ಬಯಲಾದರೆ ಅವಳ ಕೆಲಸದ ಜೊತೆಗೆ ಮಾನವೂ ಹೋಗುತ್ತದೆಂದು ನನಗೆ ಹೊಳೆದದ್ದು ಆಗ. ಮೇಡಂ ಪಟ್ಟಿ ಎಣಿಸಲೇ ಇಲ್ಲ. "ಸಹಿ ಇರಲಿ. ಯಾರ ಕೊಪ್ಪರಿಗೆಯಲ್ಲಿ ಏನು ಬದಲಾಗಿದೆ, ತೋರಿಸಿ. ನೀವೇನು ಹಾಕ್ತೀರಮ್ಮ?"

ಪುಡಿಯ ಡಬ್ಬ ನನ್ನ ಬೆನ್ನ ಹಿಂದೆಯೇ ಇತ್ತು.

"ಮನೆಗಾದ್ರೆ ಲೋಳೆ, ಸಂತೆಗಾದ್ರೆ ಪುಡಿ ಕಣವ್ವ. ಪಟ್ಟಿ ಇಸ್ಯ ಈ ಮಗಿಗೆ ಗೊತ್ತೇ ಇಲ್ಲ. ಬಯ್ಯೋದಾದ್ರೆ ನನ್ನ ಬಯ್ಯಿ."

ಮೇಡಂ ಬಯ್ಯಲಿಲ್ಲ. ಕೆಂಪು ಪೆನ್ನು ತೆಗೆದು ಮೊದಲು ನನ್ನ ಹೆಸರನ್ನೇ ಹೊಡೆದುಹಾಕಿದರು. ಮನೆಮನೆಗೆ ಹೋಗಿ ನೋಡಿ ಕೊನೆಗೆ ಮೂರು ಹೆಸರು ಉಳಿಸಿದರು. ಆ ಮೂವರ ಜೊತೆ ಅರ್ಧ ದಿನ ಕೂತು, ಪುಡಿ ಬಿಟ್ಟದ್ದು ಯಾಕೆ, ಬೆಲ್ಲ ಹೇಗೆ ಬಂತು ಎಂದೆಲ್ಲ ಬರೆದುಕೊಂಡರು. "ಮೂರೇ ಆದರೂ ನಿಜವಾದ ಮೂರು. ಕೆಲಸ ಮುಂದುವರಿಸಿ," ಎಂದು ಸುಧಾಗೆ ಹೇಳಿದರು. ನನ್ನ ಕಡೆ ತಿರುಗಿ, "ಮುಂದಿನ ವರ್ಷ ಮತ್ತೆ ಬರ್ತೀನಿ," ಎಂದರು.

ಅವತ್ತೇ ಪುಡಿಯ ಡಬ್ಬ ಎಸೆದೆ. ಬುದ್ಧಿ ಬಂದು ಎಸೆದದ್ದಲ್ಲ, ಹೆದರಿ ಎಸೆದದ್ದು. ಈಗ ಹಿತ್ತಲ ತುಂಬ ಬೆಂಡೆ ಗಿಡ, ಸಂತೆಯ ಬೆಲ್ಲಕ್ಕೂ ಲೋಳೆಯೇ. ಬಾಗಿಲಲ್ಲಿ ಜೀಪು ನಿಂತ ಸದ್ದಾದರೆ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ. ಮೇಡಂ ಬಂದಾಗ ನನ್ನನ್ನು ನಾಲ್ಕನೆಯವಳಾಗಿ ಬರೆದುಕೊಳ್ಳಬಹುದು. ಆದರೆ ಸುಧಾಳ ಸಂಶೋಧನೆಯ ಲೆಕ್ಕಕ್ಕೆ ಬರೆಯುತ್ತಾರೋ, ತಮ್ಮ ಕೆಂಪು ಪೆನ್ನಿನ ಲೆಕ್ಕಕ್ಕೋ? ಪುಡಿ ಬಿಟ್ಟದ್ದು ಯಾಕೆ ಎಂದು ಕೇಳಿದರೆ ನಿಜ ಹೇಳಬೇಕಾಗುತ್ತದೆ.