ಅಡುಗೆಮನೆ ಖಾಲಿಯಿದ್ದ ಮಹಾಸಭೆಯ ಕುರಿತು

ಸಾಬರಮತಿ ಕನ್ನಡ ಕೂಟ, ಸ್ಯಾಟಲೈಟ್, ಅಹಮದಾಬಾದ್
(ಶಿಸ್ತು ಮತ್ತು ಎಣಿಕೆ ವಿಭಾಗ)

ಸಂಖ್ಯೆ: ಸಾಕಕೂ/ಶಿಎ/07/1995-96
ದಿನಾಂಕ: 14-9-1995

ವಿಷಯ: ಮತದಾನದ ವೇಳೆ ಮಹಿಳಾ ಸದಸ್ಯರು ಸಭಾಂಗಣದಲ್ಲಿ ಕಂಡುಬಂದ ಬಗ್ಗೆ.

ಉಲ್ಲೇಖ: 1) ದಿನಾಂಕ 10-9-1995ರ ಮಹಾಸಭೆ. 2) ಅಂದಿನ ಊಟ.

ಪ್ರಸ್ತಾವನೆ:

ಕೂಟದಲ್ಲಿ ಹನ್ನೊಂದು ವರ್ಷಗಳಿಂದ ಕೈ ಎತ್ತುವ ಮತದಾನವು ಬೆಳಿಗ್ಗೆ ಹನ್ನೊಂದೂವರೆಗೆ, ಅಂದರೆ ಮಹಿಳೆಯರು ಹಿಂದಿನ ಕೋಣೆಯಲ್ಲಿ ಬಿಸಿಬೇಳೆಬಾತಿಗೆ ಒಗ್ಗರಣೆ ಹಾಕುವ ಹೊತ್ತಿಗೆ, ನಡೆದುಬಂದಿರುತ್ತದೆ. ಅವರನ್ನು 'ಹಾಜರು, ಅಡುಗೆಯಲ್ಲಿ' ಎಂದು ದಾಖಲಿಸಲಾಗುತ್ತಿತ್ತು. ಶ್ರೀಮತಿ ಹೇಮಲತಾ ಅವರು ಮೂರು ಬಾರಿ ಅಧ್ಯಕ್ಷ ಸ್ಥಾನಕ್ಕೆ ನಿಂತು ತಲಾ ಎರಡು ಮತ ಪಡೆದಿದ್ದರು. ಒಂದು ಅವರದೇ, ಇನ್ನೊಂದು ಪತಿ ಶ್ರೀ ಹರಿಪ್ರಸಾದ ಅವರದು, ಅದೂ ಅರ್ಧ ಎತ್ತಿದ ಕೈ.

ಈ ವರ್ಷ ನಗರಪಾಲಿಕೆಯಲ್ಲಿ ಮಹಿಳೆಯರಿಗೆ ಸ್ಥಾನ ಮೀಸಲಾದಾಗ ಸದರಿ ಶ್ರೀಮತಿಯವರು ಮನೆಮನೆ ತಿರುಗಿ ಪ್ರಚಾರ ಮಾಡಿದ್ದು, ಮತದಾರರನ್ನು ಬೂತಿಗೆ ತಲುಪಿಸುವ ವಿದ್ಯೆಯನ್ನು ಅಲ್ಲಿಯೇ ಕಲಿತಂತೆ ತೋರುತ್ತದೆ. ಮಹಾಸಭೆಯ ದಿನ ಅವರು ಶ್ರೀ ವಾಸುದೇವ ಅವರ ಉಡುಪಿ ಹೋಟೆಲಿನಿಂದ ಊಟ ತರಿಸಿದರು. ಹನ್ನೊಂದೂವರೆಗೆ ಮೂವತ್ತೆಂಟು ಮಹಿಳೆಯರು ಮುಂದಿನ ಸಾಲುಗಳಲ್ಲಿ ಕುಳಿತಿರುವುದು ಗಮನಕ್ಕೆ ಬಂದಿತು. ಒಲೆಯ ಹತ್ತಿರ ಯಾರಿದ್ದಾರೆಂದು ಪ್ರತಿಸ್ಪರ್ಧಿಯೂ ಕಾರ್ಯದರ್ಶಿಯೂ ಆದ ಕೆಳಸಹಿದಾರರು ವಿಚಾರಿಸಲಾಗಿ, ಅವರ ಪತ್ನಿ ಶ್ರೀಮತಿ ಜಯಂತಿ ಅವರು "ಒಲೆ ಹಚ್ಚೇ ಇಲ್ಲರೀ. ನೀವು ಎಣಿಸಿ" ಎಂದು ಉತ್ತರಿಸಿದ್ದನ್ನು ನಡಾವಳಿಯಲ್ಲಿ ದಾಖಲಿಸಲಾಗಿದೆ. ಶ್ರೀಮತಿ ಹೇಮಲತಾ ಅವರು 52-19ರಿಂದ ಆಯ್ಕೆಯಾದರು.

ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಮತದಾನದ ದಿನ ಹೊರಗಿನ ಊಟವನ್ನು ಚುನಾವಣಾ ಪ್ರಚಾರವೆಂದು ಪರಿಗಣಿಸಲಾಗುವುದು. ಅಂದು ಸಾಂಬಾರನ್ನು ಎರಡನೇ ಬಾರಿ ಬಡಿಸಿಕೊಂಡ ಸಮಿತಿ ಸದಸ್ಯರಿಗೆ ಇದು ಅನ್ವಯಿಸುವುದಿಲ್ಲ.

2. ಎತ್ತಿದ ಕೈಗಳ ಬಳೆಗಳು ಸದ್ದು ಮಾಡತಕ್ಕದ್ದಲ್ಲ. ಸದರಿ ಸದ್ದಿನಿಂದ ಎಣಿಕೆಯು ಹದಿನೇಳಕ್ಕೆ ಬಂದಾಗಲೇ ಮೂರು ಸಲ ತಪ್ಪಿರುತ್ತದೆ.

3. ಪತ್ನಿಯ ಕೈಯನ್ನು ಓರೆಗಣ್ಣಿನಿಂದ ನೋಡಿ ಪತಿಯು ತನ್ನ ಕೈಯನ್ನು ನಿಧಾನವಾಗಿ ಎತ್ತುವುದನ್ನು ನಿಷೇಧಿಸಲಾಗಿದೆ (ಅಂದಿನ ಪ್ರಕರಣಗಳು: ಹದಿನಾಲ್ಕು).

4. ಇನ್ನು ಮುಂದೆ ಮತದಾನದ ವೇಳೆ ಅಡುಗೆಮನೆಯಲ್ಲಿ ಕನಿಷ್ಠ ಒಬ್ಬ ಜವಾಬ್ದಾರಿಯುತ ಸದಸ್ಯರು ಇರತಕ್ಕದ್ದು. ಅವರನ್ನು ಎಂದಿನಂತೆ ಅಧ್ಯಕ್ಷರೇ ಹೆಸರಿಸುವರು.

ಅಧ್ಯಕ್ಷರ ಒಪ್ಪಿಗೆಯಾದ ಕೂಡಲೇ ಇದು ಜಾರಿಗೆ ಬರುವುದು.

(ಸಹಿ)
ಸುಬ್ರಹ್ಮಣ್ಯ
ಕಾರ್ಯದರ್ಶಿ

ಪ್ರತಿಗಳು:
– ಶ್ರೀ ವಾಸುದೇವ, ಉಡುಪಿ ಹೋಟೆಲ್: ಎಚ್ಚರಿಕೆಗಾಗಿ. ಸಾಂಬಾರ್ ಚೆನ್ನಾಗಿತ್ತು.
– ಶ್ರೀಮತಿ ಜಯಂತಿ: ಮನೆಯಲ್ಲಿಯೇ ಕೈಗೆ ಕೊಡಲಾಗಿದೆ. ಓದಿ ಪಕ್ಕದ ಮನೆಗೂ ಓದಿ ಹೇಳಿರುತ್ತಾರೆ.
– ಶ್ರೀಮತಿ ಹೇಮಲತಾ, ಅಧ್ಯಕ್ಷರು: ಒಪ್ಪಿಗೆಗಾಗಿ. (ಷರಾದೊಂದಿಗೆ ಹಿಂದಿರುಗಿದೆ: "1ರಿಂದ 3 ಕೈಬಿಡಲಾಗಿದೆ. 4 ಒಪ್ಪಿದೆ. ಹೆಸರು: ಸುಬ್ರಹ್ಮಣ್ಯ. ಒಗ್ಗರಣೆಯನ್ನು ಜಯಂತಿಯವರು ಕಲಿಸಿಕೊಡುವರು.")