ಬೆಳಿಗ್ಗೆ ಏಳದ ಕಾರು, ಮದುವೆಯಾಗದ ಮಗ

ಅದಕ್ಕೇನೋ ಹೆಸರಿದೆ... ಗುಳೋ, ಗಳೋ... ಇರಲಿ, ಮೆಕ್ಯಾನಿಕ್‌ಗಳು ಹೀಟರ್ ಪ್ಲಗ್ ಅಂತಾರೆ. ಚಳಿಯಲ್ಲಿ ಡೀಸೆಲ್ ಇಂಜಿನ್ನಿಗೆ ಬಿಸಿ ಮುಟ್ಟಿಸುವ ಬೆರಳುದ್ದದ ಕಡ್ಡಿ. ನಮ್ಮ ಹಳೇ ಕಾರಿನಲ್ಲಿ ಅದು ಸತ್ತಿದೆಯೆಂದು ತಿಳಿಯುವ ಹೊತ್ತಿಗೆ ಆಗಬಾರದ್ದೆಲ್ಲ ಆಗಿತ್ತು.

ಕಾರವಾರದ ಸೆಕೆಯಲ್ಲಿ ಹುಟ್ಟಿದ ನನಗೇ ಗುಂಡ್ಲುಪೇಟೆಯ ಚಳಿ ಅಭ್ಯಾಸವಾಯಿತು, ಕಾರಿಗೆ ಆಗಲಿಲ್ಲ. ಅದು ಮಗನಿಗೆ ಹೆಣ್ಣು ನೋಡುತ್ತಿದ್ದ ವರ್ಷ. ಎಲ್ಲರೂ ಬೆಳಿಗ್ಗೆಯೇ ಬನ್ನಿ ಅನ್ನುವರು. ಕಾರು ಬಿಸಿಲೇರದೆ ಏಳದು.

ನಿಂಬೆಹಣ್ಣು

ಹಂಗಳದ ಹೆಣ್ಣು ನೋಡಲು ಹೊರಟ ದಿನ ಬೀದಿಯವರೆಲ್ಲ ಸೇರಿದರು.

"ಬ್ಯಾಟ್ರಿ ಓಗದೆ ಬುಡಣ್ಣ," ಅಂದ ಒಬ್ಬ.

"ಪೈಪ್‌ನಲ್ಲಿ ಗಾಳಿ ಹಿಡ್ಕಂಡದೆ ಕಣ್ಲಾ," ಅಂದ ಇನ್ನೊಬ್ಬ.

ಎದುರುಮನೆ ಅಜ್ಜಿ ದೃಷ್ಟಿಯಾಗಿದೆ ಅಂತ ಚಕ್ರದಡಿ ನಿಂಬೆಹಣ್ಣಿಟ್ಟರು. ಹಣ್ಣು ಒಡೆಯಲು ಕಾರು ಹೊರಡಬೇಕಲ್ಲ? ಎಲ್ಲರೂ ಸೇರಿ ತಳ್ಳಿ ಒಡೆಸಿದರು. ದೃಷ್ಟಿ ಹೋಯಿತೆಂದು ಮನೆಗೂ ಹೋದರು. ಕಾರು ನಡುಬೀದಿಯಲ್ಲಿ ಉಳಿಯಿತು, ಹೆಣ್ಣು ಹಂಗಳದಲ್ಲಿ.

ಪರೀಕ್ಷೆ

ಮಧ್ಯಾಹ್ನ ಹೇಗೋ ಸ್ಟಾರ್ಟ್ ಆದಾಗ ಯಜಮಾನರು ಚಾಮರಾಜನಗರದ ಮೆಕ್ಯಾನಿಕ್ ಹತ್ತಿರ ಒಯ್ದರು. ಅವನು ಕೀ ತಿರುಗಿಸಿದ. ತಟ್ಟನೆ ಎದ್ದಿತು.

"ಗಾಡಿ ಚೆನ್ನಾಗದಲ್ಲ ಸಾ! ಬೆಳಿಗ್ಗೆ ತಣ್ಣಗಿರುವಾಗ ತನ್ನಿ, ನೋಡನ."

"ತಣ್ಣಗಿದ್ರೆ ಅದು ಬರೋದೇ ಇಲ್ಲವಲ್ಲಪ್ಪಾ!"

"ಅಂಗಾರೆ ಬಿಸಿ ಇರುವಾಗ ರಿಪೇರಿ ಏನಕ್ಕೆ ಸಾ?"

ಸಂತೆಮರಹಳ್ಳಿ

ಅಲ್ಲಿನ ಹೆಣ್ಣಿನ ಮನೆ ಎದುರೇ ನಮ್ಮ ನಾದಿನಿ ಮನೆ. ಹಿಂದಿನ ಸಂಜೆಯೇ ಹೋಗಿ ತಂಗಿದೆವು. ಬೆಳಿಗ್ಗೆ ಹೆಣ್ಣು ನೋಡಿದ್ದಾಯಿತು, ಉಪ್ಪಿಟ್ಟೂ ಆಯಿತು.

"ಏನಪ್ಪಾ, ಒಪ್ಪಿಗೇನಾ?" ಹುಡುಗಿಯ ತಂದೆ ಕೇಳಿದರು.

ಮಗ ನಾಚಿ, "ಮೊದ್ಲು ಕಾರು ಸ್ಟಾರ್ಟ್ ಮಾಡ್ತೀನಿ," ಅಂತ ಎದ್ದ.

ಆಗಲಿಲ್ಲ. ಎರಡೂ ಮನೆಯವರು ತಳ್ಳಿದೆವು. ಹುಡುಗಿಯೂ ರೇಷ್ಮೆ ಸೀರೆ ಸಿಕ್ಕಿಸಿಕೊಂಡು ಬಂದಳು. ಇಂಜಿನ್ ಗುರ್ರೆಂದಿತು, ಮಗ ಹೊಗೆಯೊಳಗೆ ಮಾಯವಾದ. ಬಿಸಿಯಾಗುವ ಮೊದಲು ನಿಲ್ಲಿಸಿದರೆ ಮತ್ತೆ ಏಳದೆಂದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ.

"ಉಡುಗೀನ್ ನೋಡ್ಬುಟ್ಟು ಓಡೋಗ್ಬುಟ್ನಲ್ಲವ್ವಾ!" ಹುಡುಗಿಯ ಅಜ್ಜಿ ಎದೆ ಬಡಿದುಕೊಂಡರು. ತಂದೆ ಮುಖ ಗಂಟಿಕ್ಕಿ ಒಳಗೆ ಹೋದರು. ಈ ಸಂಬಂಧವೂ ಮುರಿಯಿತು ಅಂದುಕೊಂಡೆ.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಮಗ. ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ.

"ಅಮ್ಮಾ, ನಂಗೆ ಒಪ್ಪಿಗೆ ಅಂತ ಹೇಳ್ಬುಡು! ವಾಪಸ್ ಬತ್ತಾ ಇವ್ನಿ. ನಿಲ್ಸಿದ್ರೆ ಆಫ್ ಆಗೋಯ್ತದೆ, ಏನ್ ಮಾಡ್ಲಿ?"

ಹುಡುಗಿ ಸೆರಗಿನಿಂದ ಕೈಮಸಿ ಒರೆಸಿಕೊಳ್ಳುತ್ತಾ ಅಂದಳು: "ನಿಲ್ಲಿಸ್ಬ್ಯಾಡಿ ಅನ್ನಿ ಅತ್ತೆ, ಓಡಿ ಹತ್ಕತೀನಿ."

ಪುಟ್ಟಿ, ಇದನ್ನ ಈಗಲೇ ಬರೆದಿಡು. ನಿಮ್ಮಮ್ಮ ಬಂದರೆ ಹಾಗಂದೇ ಇಲ್ಲ ಅಂತಾಳೆ.